ಮುಗೀದೆ ಉಳಿದ ಪಿಚ್ಚರು

ಇನ್ನೊಸಿ ಹತ್ರಕ್ ಬನ್ನಿ. ಇದ್ನ ನಾನು ಜೋರಾಗಿ ಹೇಳಕಿಲ್ಲ...

ನಮ್ ದೊಡ್ಡಪ್ಪನ ಮಗ ನಿಂಗರಾಜು ಗೊತ್ತಲ್ಲ, ಪಾಂಡವಪುರದ ಟೆಂಟಲ್ಲಿ ಸಿನಿಮಾ ಮಿಷನ್ನು ಓಡಿಸ್ತಿದ್ನಲ್ಲ? ಅವನಿಗೇ ಆಗಿದ್ದು. ತೊಂಬತ್ಮೂರನೇ ಇಸವಿ, ಮಾಗಿ ಚಳಿ. ಸೆಕೆಂಡ್ ಶೋ ಮುಗಿಸ್ಕೊಂಡು ತೊಣ್ಣೂರಿಗೆ ಬರ್ತಾವ್ನೆ. ಕೆರೆ ಹತ್ರ ಸೈಕಲ್ ಪಂಚರ್ ಆಯ್ತು. ತಳ್ಕೊಂಡೇ ಕೆರೆ ಏರಿ ಹತ್ತುದ. ಆಲದಮರ ದಾಟುದ...

ಕರ್ರ್... ಕರ್ರ್... ಕರ್ರ್...

ಜೀರುಂಡೆ ಅಲ್ಲ. ಹಿಡಿಕೆ ತಿರುಗಿಸೋ ಮಿಷನ್ ಸದ್ದು, ಒಂದೇ ಸಮ.

"ತಿರುಗಿ ನೋಡ್ಬೇಡಿ." ಹಿಂದ್ಗಡೆ ಹೆಂಗಸಿನ ದನಿ, ಮೆತ್ತಗೆ. "ಸೈಕಲ್ ಅಲ್ಲೇ ಬಿಟ್ಟು ನಡೀರಿ."

ನಡೆದ. "ಕೇಳ್ದೆ ಇರಕ್ಕಾಗದ ದನಿ ಕಣವ್ವ ಅದು," ಅಂತ ಈಗ್ಲೂ ನಂಗೆ ಹೇಳ್ತಾನೆ. ಸದ್ದು ನಿಂತ್ಕೊಂತು.

"ಸರಿ ಬರ್ಲಿಲ್ಲ. ಇನ್ನೊಂದ್ಸಲಿ."

ಮರದ್ ತಾವ್ಕೆ ವಾಪಸ್ ಬಂದು ಮತ್ತೆ ನಡೆದ. "ಇನ್ನೊಂದ್ಸಲಿ." ಅಂಗೇ ಎಷ್ಟ್ ಸಲ ನಡೆದ್ನೋ ಅವನಿಗೇ ಗ್ಯಾನ ಇಲ್ಲ. ಕಾಲು ತಣ್ಣಗಾಯ್ತು. ಬುಳಕ್... ಬುಳಕ್... ನೋಡ್ತಾನೆ, ಮೊಣಕಾಲುದ್ದ ನೀರು.

"ಅವ್ವಾ, ಬುಟ್ಬುಡಿ," ಅಂದ, ಉಸಿರಲ್ಲೇ. "ಮನೇಲಿ ಬಸ್ರಿ ಎಂಡ್ತಿ ಅವ್ಳೆ."

"ಇದೊಂದೇ ಬಾಕಿ. ಇದಾದ್ರೆ ಪಿಚ್ಚರ್ ಮುಗೀತು."

ಕಾಲು ಅವನ ಮಾತು ಕೇಳ್ದೆ ನಡೀತಾನೇ ಇತ್ತು, ನೀರು ಎದೆಗ್ ಬಂತು. ಹೆದರಿಕೇಲಿ ಬಾಯಿಗ್ ಬಂದಿದ್ ಕೇಳ್ದ. "ಯಾರ್ದವ್ವಾ ಪಿಚ್ಚರು?"

ಕರ್ರ್ ಅನ್ನೋದು ನಿಂತೋಯ್ತು. ಕಪ್ಪೇನೂ ಕೂಗ್ತಿಲ್ಲ... ಆಮೇಲೆ ಕಿವಿ ಪಕ್ಕದಲ್ಲೇ,

"ನಂದು. ಕೇಳ್ದೋರು ನೀವೊಬ್ರೆ."

ಅಷ್ಟೇ. ಕಾಲು ಹಗುರಾಯ್ತಂತೆ. ದಡಕ್ಕೆ ಬಿದ್ನೋ ಎದ್ನೋ ಅಂತ ಓಡ್ಬಂದ.

ಬೆಳಗ್ಗೆ ನಮ್ಮಜ್ಜಿ ಪುಟ್ಟಗೌರಮ್ಮ ಇದ್ನ ಕೇಳಿ, ಎಲೆಅಡ್ಕೆ ಕುಟ್ಟೋದು ನಿಲ್ಲಿಸ್ಬುಡ್ತು.

"ಮಾತಿಲ್ದಿದ್ ಸಿನಿಮಾ ಕಾಲ ಕಣ್ಲಾ. ನಾನಿನ್ನೂ ಹುಡ್ಗಿ. ಬೆಂಗ್ಳೂರಿಂದ ಒಬ್ಬಮ್ಮ ಬಂದು ಕೆರೆ ತಾವ ಪಿಚ್ಚರ್ ತೆಗೀತಿತ್ತು. ಆಗೆಲ್ಲ ಬಿಸ್ಲಲ್ಲೇ ತೆಗೀಬೇಕು, ದಿನವೆಲ್ಲ ಗಂಡಸ್ರಿಗೆ ಅಲ್ ನಿಲ್ಲು, ಇಲ್ ನಡಿ ಅಂತಿತ್ತು. ಅವ್ರೂ ಕೇಳೋರು. ಕಡೇ ನಡಿಗೆ ಒಂದು ಬಾಕಿ ಇತ್ತು... ಅಷ್ಟ್ರಲ್ಲಿ ದುಡ್ ಹಾಕಿದ್ದೋರು ಬಂದು, ಹಿಡಿಕೆ ತಿರುಗಿಸೋ ಆ ಕ್ಯಾಮ್ರ ಕಿತ್ಕೊಂಡೋದ್ರು. ಆ ನಡಿಗೆ ಇಲ್ದೇನೆ ಪಿಚ್ಚರು ಯಾವನೋ ಗಂಡ್ಸಿನ ಹೆಸ್ರಲ್ಲಿ ಬಂತು. ಆವಮ್ಮ ಒಬ್ಳೇ ತಿರುಗಾ ಇಲ್ಲಿಗ್ ಬಂದು, ಒಂದ್ ಸಂಜೆ ಏರಿ ಮೇಲೆ ಕೂತಿತ್ತು. ಬೆಳಗ್ಗೆ ನೋಡುದ್ರೆ ಚಪ್ಪಲಿ ಮಾತ್ರ."

"ಹೆಸ್ರೇನಜ್ಜಿ?" ಅಂದ ನಿಂಗರಾಜು.

ಅಜ್ಜಿ ತಿರುಗಾ ಕುಟ್ಟಾಣಿ ಕೈಗ್ ತಕ್ಕಂತು. "ಯಾರೂ ಕೇಳ್ಲಿಲ್ಲ ಕಣ್ಲಾ," ಅಂತು.

ನಿದ್ದೆಗಣ್ಣಲ್ಲಿ ಕೆರೆಗ್ ಇಳ್ದವ್ನೆ ಅಂತ ಊರೋರು ಆಡ್ಕೊಂಡ್ರು. ಆಡ್ಕೊಳ್ಲಿ. ಕತ್ಲಲ್ಲಿ, ಆ ಚಳೀಲಿ ಬಂದೋನ್ ಕತ್ತಿನ್ ಹಿಂದ್ಗಡೆ ಚರ್ಮ ಮಟಮಟ ಬಿಸ್ಲಲ್ಲಿ ದಿನವೆಲ್ಲ ನಿಂತಂಗೆ ಸುಟ್ಟು, ಸಿಪ್ಪೆ ಏಳ್ತಿತ್ತು. ಕೊಬ್ರಿ ಎಣ್ಣೆ ಹಚ್ಚಿದ್ದು ನಾನೇ... ಇದೇ ಕೈಯಲ್ಲಿ.