ಪರದೆ ಸರಿಸುವ ಮುನ್ನ ಒಂದು ಉಸಿರು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಪ್ರಾಂಶುಪಾಲರೇ, ಇವತ್ತು ಪದವಿ ಪಡೆಯುತ್ತಿರುವ ಮಕ್ಕಳೇ, ಅವರ ತಂದೆತಾಯಂದಿರೇ, ಸಭಿಕರೇ,

ಈ ಭಾಷಣದಿಂದ ಒಂದು ಸಂಗತಿಯನ್ನು ಹೊರಗಿಟ್ಟಿದ್ದೆ. ಇಲ್ಲಿಗೆ ಬರುವ ದಾರಿಯಲ್ಲಿ ಮತ್ತೆ ಸೇರಿಸಿಕೊಂಡೆ. ಅದು ಬಂದಾಗ ನಿಮಗೇ ತಿಳಿಯುತ್ತದೆ. ನನ್ನ ಧ್ವನಿ ಸ್ವಲ್ಪ ಸಣ್ಣದಾಗುತ್ತದೆ.

ಅಧ್ಯಕ್ಷರು ನನ್ನನ್ನು ಹೊಗಳಿದ್ದನ್ನು ಕೇಳಿ, ಯಾರಪ್ಪಾ ಇವರು ಎಂದು ನಾನೇ ಹಿಂದೆ ತಿರುಗಿ ನೋಡಿದೆ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಮನಸ್ಸಿನ ನೆಮ್ಮದಿ ಕಲಿಸಿದವರು ಎಂದರು. ನಮ್ಮ ಧ್ಯಾನದ ತರಗತಿ ಇನ್ನು ಎಲ್ಲ ವರ್ಷದವರಿಗೂ ಇರುತ್ತದೆ ಎಂದು ಘೋಷಿಸಿದರು. ನೀವು ಚಪ್ಪಾಳೆ ತಟ್ಟಿದಿರಿ. ಅದರಲ್ಲಿ ಅರ್ಧ ನನ್ನದಲ್ಲ. ಅದು ಯಾರದು ಎಂದು ಹೇಳಲಿಕ್ಕೇ ಇಲ್ಲಿ ನಿಂತಿದ್ದೇನೆ.

ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು. ಕನ್ನಡದಲ್ಲಿ ಇಷ್ಟುದ್ದ ಬರೆದದ್ದು ಇದೇ ಮೊದಲು. ಮೂರನೇ ಸಾಲಿನಲ್ಲಿ ನಮ್ಮಮ್ಮ ಕೂತಿದ್ದಾರೆ. ನಾನು ತಪ್ಪಿದರೆ ಅವರ ಹುಬ್ಬು ಮೇಲೇರುತ್ತದೆ, ನೀವು ಅಲ್ಲೇ ನೋಡಿ ತಿದ್ದಿಕೊಳ್ಳಬಹುದು.

ಧ್ಯಾನದ ಮೊದಲ ತರಗತಿಗೆ ಬೆಂಚುಗಳನ್ನು ಗೋಡೆಗೆ ಒತ್ತಿ ಚಾಪೆ ಹಾಸಿದೆವು. ಪಾಠಕ್ಕೆಂದು ಅಲ್ಲಿಟ್ಟಿದ್ದ ಅಸ್ಥಿಪಂಜರದ ಮುಖವನ್ನು ಮೂಲೆಗೆ ತಿರುಗಿಸಿದೆವು. ಅದು ನೋಡುತ್ತಿದ್ದರೆ ಮನಸ್ಸು ನಿಲ್ಲುವುದಿಲ್ಲ ಎಂದು ಒಬ್ಬಳ ತಕರಾರು. ಕಣ್ಣು ಮುಚ್ಚಿ, ನಿಮ್ಮ ಉಸಿರನ್ನು ಗಮನಿಸಿ ಎಂದೆ. ಎಂಥ ಮೌನ! ಒಳಗೊಳಗೇ ಹಿಗ್ಗಿದೆ. ಆಮೇಲೆ, ಏನನ್ನಿಸಿತು ಎಂದು ಕೇಳಿದರೆ ಮುಂದಿನ ಸಾಲಿನವಳು, "ಹದಿನೆಂಟು, ಮೇಡಂ" ಅಂದಳು. ಪಕ್ಕದವಳದು ಹದಿನಾರು. ಹಿಂದಿದ್ದವನು, ನಡುವೆ ಕೆಮ್ಮು ಬಂತು, ಇನ್ನೊಮ್ಮೆ ಎಣಿಸಲೇ ಎಂದ. ಎಲ್ಲರೂ ಅರ್ಧ ಕಣ್ಣು ತೆರೆದು ಗೋಡೆಯ ಗಡಿಯಾರ ನೋಡಿಕೊಂಡು ಕೂತಿದ್ದರು. ಬೇರೆ ಯಾವ ಕಾಲೇಜಿನಲ್ಲಿ ಇದು ನಡೆದೀತು, ಹೇಳಿ?

ತಂದೆತಾಯಂದಿರಿಗೆ ಒಂದು ವಿವರಣೆ. ಉಸಿರು ನಿಮಿಷಕ್ಕೆ ಇಪ್ಪತ್ತು ದಾಟಿದರೆ ಜೋರಾಯಿತೆಂದು ಲೆಕ್ಕ. ರೋಗಿಯ ಉಸಿರು ಎಣಿಸುವಾಗ ನಾವು ಅವರಿಗೆ ಹೇಳುವುದಿಲ್ಲ. ಹೇಳಿದರೆ ಅವರ ಉಸಿರಾಟವೇ ಬದಲಾಗುತ್ತದೆ. ಅದಕ್ಕೇ ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದು, ಕಣ್ಣಂಚಿನಲ್ಲಿ ಎದೆಯ ಏರಿಳಿತ ನೋಡುತ್ತೇವೆ. ಇದೊಂದು ಸಣ್ಣ ಮೋಸ. ಮೊದಲ ವರ್ಷದಲ್ಲಿ ನಾನೇ ಕಲಿಸುತ್ತೇನೆ.

ಆ ತರಗತಿಯಲ್ಲಿ ಒಬ್ಬಳು ಕಣ್ಣು ಮುಚ್ಚುತ್ತಲೇ ಇರಲಿಲ್ಲ. ಅಷ್ಟು ಮೆಲ್ಲಗೆ ಮಾತಾಡುತ್ತಿದ್ದಳೆಂದು ಗೆಳತಿಯರು ಅವಳನ್ನು ಪಿಸುಮಾತು ಎಂದೇ ಕರೆಯುತ್ತಿದ್ದರು. ಮುಚ್ಚಮ್ಮ, ಮುಚ್ಚಮ್ಮ ಎಂದು ನಾನು ಹೇಳಿದ್ದೇ ಹೇಳಿದ್ದು. ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದು, ಕೋರ್ಸ್ ಬಿಡುತ್ತೇನೆ, ಅಪ್ಪನಿಗೂ ಹೇಳಿಯಾಗಿದೆ ಎಂದಳು. ವಾರ್ಡಿನಲ್ಲಿ ಅವಳು ದಿನಾ ತಲೆ ಬಾಚುತ್ತಿದ್ದ ಅಜ್ಜಿಯೊಬ್ಬರು ತೀರಿಕೊಂಡಿದ್ದರು. ಮಾರನೆಯ ಬೆಳಿಗ್ಗೆ ಅದೇ ಮಂಚದ ಮೇಲೆ ಬೇರೆ ಹೊದಿಕೆ, ಬೇರೆ ರೋಗಿ. ಮಂಚದ ಸುತ್ತಲಿನ ಪರದೆ ಸರಿಸಲು ಅವಳ ಕೈ ಏಳಲಿಲ್ಲ.

"ಕಣ್ಣು ಮುಚ್ಚಿ ಅಂತೀರಿ ಮೇಡಂ. ಮುಚ್ಚಿದ್ರೆ ಅಜ್ಜಿನೇ ಕಾಣೋದು."

ನಾನೇನು ಮಾಡಿದೆ? ಉಪನ್ಯಾಸ ಶುರುಮಾಡಿದೆ. ವಿಚಾರಗಳು ಬರುತ್ತವೆ, ಹೋಗುತ್ತವೆ, ನಾವು ಸುಮ್ಮನೆ ನೋಡಬೇಕು ಎಂದೆಲ್ಲ. ಅವಳು ನನ್ನ ಕೈ ಹಿಡಿದುಕೊಂಡಳು. ಹೋಗುವ ಹುಡುಗಿ, ವಿದಾಯ ಹೇಳುತ್ತಿದ್ದಾಳೆ ಎಂದುಕೊಂಡೆ. ಆದರೂ ಮಾತು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೈ ಬಿಟ್ಟು ಹೇಳಿದಳು:

"ಇಪ್ಪತ್ತಾರು, ಮೇಡಂ. ನಿಮಗೂ ಹೆದರಿಕೆನಾ?"

ಹೊರಗಿಟ್ಟಿದ್ದ ಸಂಗತಿ ಇದೇ.

ಹೂಂ ಎಂದೆ. ವಾರ್ಡ್ ಬಿಟ್ಟು ಪಾಠ ಹೇಳಲು ಏಕೆ ಬಂದಿರಿ ಎಂದು ಯಾರು ಕೇಳಿದರೂ, ಮಗಳು ಚಿಕ್ಕವಳು ಎನ್ನುತ್ತಿದ್ದೆ. ನಿಜವೇ. ಆದರೆ ಮಗಳು ಈಗ ನನ್ನ ಚಪ್ಪಲಿ ಹಾಕಿಕೊಂಡು ಕಾಲೇಜಿಗೆ ಹೋಗುತ್ತಾಳೆ. ಅವಳು ಬೆಳೆದಳು, ನನ್ನ ಉತ್ತರ ಬೆಳೆಯಲಿಲ್ಲ. ನನಗೂ ಸರಿಸಲಾಗದ ಒಂದು ಪರದೆಯಿತ್ತು. ಅದರ ಹಿಂದಿದ್ದವರ ಮುಖ ನನಗೆ ಇವತ್ತಿಗೂ ನೆನಪಿದೆ.

ಅವಳು ನನ್ನ ಮಣಿಕಟ್ಟಿನ ಮೇಲೆ, ನಾನು ಅವಳ ಮಣಿಕಟ್ಟಿನ ಮೇಲೆ ಬೆರಳಿಟ್ಟು, ಕಣ್ಣು ತೆರೆದುಕೊಂಡೇ ಕೂತೆವು. ಎಣಿಸಬೇಡ ಎಂದೆ. "ನೀವೂ ಎಣಿಸ್ತಿದ್ದೀರಿ, ತುಟಿ ಅಲ್ಲಾಡ್ತಿದೆ" ಅಂದಳು. ಇಬ್ಬರೂ ನಕ್ಕೆವು. ಆಮೇಲೇ ಉಸಿರು ಬರೀ ಉಸಿರಾಯಿತು. ನಾಳೆ ಪರದೆಯ ಮುಂದೆ ಹೀಗೇ ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತೇನೆ, ಆಗದಿದ್ದರೆ ಊರಿಗೆ ಹೋಗುತ್ತೇನೆ ಎಂದಳು.

ಮರುದಿನ ನಾನೂ ಜೊತೆಗೆ ಹೋದೆ, ವಾರ್ಡಿನ ಬಾಗಿಲವರೆಗೆ. ಅವಳು ಮಂಚದ ಬಳಿ ನಿಂತಳು. ಭುಜಗಳು ಏರಿದವು, ಇಳಿದವು. ಪರದೆಯ ಬಳೆಗಳು ಕಂಬಿಯ ಮೇಲೆ ಜರ್ರೆಂದು ಓಡಿದ ಸದ್ದು ಬಾಗಿಲಿಗೆ ಕೇಳಿಸಿತು. ಹಿಂದೆಯೇ ಅವಳ ದನಿ: "ಎದ್ದಿದ್ದೀರಾ ಅಮ್ಮಾ? ನಿದ್ದೆ ಬಂತಾ?"

ಅವಳು ಊರಿಗೆ ಹೋಗಲಿಲ್ಲ. ನಮ್ಮ ತರಗತಿಯೂ ಅಂದಿನಿಂದ ಚಾಪೆ ಬಿಟ್ಟು ಎದ್ದಿತು. ಪರದೆ ಸರಿಸುವ ಮುನ್ನ ಒಂದು ಉಸಿರು; ನಮ್ಮ ಧ್ಯಾನ ಇಷ್ಟೇ. ವಾರ್ಡಿನ ಹಿರಿಯ ಸಿಸ್ಟರ್, ನಿಮ್ಮ ಮಕ್ಕಳೇನು ಪರದೆ ಮುಂದೆ ಬಸ್ಸಿಗೆ ಕಾಯ್ತಾರಾ ಎಂದು ನನ್ನನ್ನು ಛೇಡಿಸಿದರು. ಈಗ ಅವರೂ ಅದೇ ಸ್ಟಾಪಿನಲ್ಲಿ ನಿಲ್ಲುತ್ತಾರೆ. ಅಗೋ, ನಗುತ್ತಿದ್ದಾರೆ.

ಒಂದು ಉಸಿರು ಸಾಕೇ? ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಸಾಲದು. ವಾರ್ಡಿಗೆ ಇನ್ನೂ ಇಬ್ಬರು ನರ್ಸ್ ಬೇಕು. ಅಧ್ಯಕ್ಷರೇ, ಮೈಕು ಕೈಯಲ್ಲಿರುವಾಗಲೇ ಹೇಳಿಬಿಡುತ್ತೇನೆ. ಆದರೆ ಆ ಒಂದು ಉಸಿರಿನಲ್ಲಿ ನಿಂತವರು ಓಡಿಹೋಗಲಿಲ್ಲ. ಈ ತಂಡದಲ್ಲಿ ಸೇರಿದವರೆಲ್ಲ, ಒಬ್ಬರೂ ಬಿಟ್ಟುಹೋಗದೆ, ಇವತ್ತು ನಿಮ್ಮ ಮುಂದೆ ಬಿಳಿ ಸಮವಸ್ತ್ರದಲ್ಲಿ ಕೂತಿದ್ದಾರೆ. ಏಳಿ ಮಕ್ಕಳೇ, ಎದ್ದು ನಿಲ್ಲಿ. ನೋಡಲಿ ಎಲ್ಲರೂ!

ರೋಗಿಗಳ ಆರೈಕೆಗೆ ಈಗಷ್ಟೇ ಪದಕ ಪಡೆದವಳೇ ಪಿಸುಮಾತು. ಪ್ರತಿಜ್ಞೆ ಓದಿಸಿದವಳೂ ಅವಳೇ. ಕೊನೆಯ ಸಾಲಿಗೆ ಕೇಳಿಸಿತಲ್ಲವೇ? ಹೆಸರು ಬದಲಿಸುವುದು ಇನ್ನು ಗೆಳತಿಯರ ಕೆಲಸ.

ಅವಳು ಅದೇ ವಾರ್ಡಿಗೆ ನೇಮಕವಾಗಿದ್ದಾಳೆ. ವಾರಕ್ಕೆ ಎರಡು ದಿನ ಬಂದು ವಿದ್ಯಾರ್ಥಿಗಳ ಜೊತೆ ಕೆಲಸ ಮಾಡುತ್ತೀರಾ ಎಂದು ಆಸ್ಪತ್ರೆಯವರು ನನ್ನನ್ನೂ ಕೇಳಿದ್ದಾರೆ. ಅಂದು ನಾನು ಬಾಗಿಲಲ್ಲೇ ನಿಂತಿದ್ದೆ ಎಂದೆನಲ್ಲ, ಈಗ ಒಳಗೆ ಹೋಗಬೇಕು. ರೋಗಿಗಳ ವಿವರವನ್ನು ಅವಳು ಒಪ್ಪಿಸುತ್ತಾಳೆ, ನಾನು ಕೇಳಿಸಿಕೊಳ್ಳುತ್ತೇನೆ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಬಹಳ ದಿನದಿಂದ ಚೀಲದಲ್ಲಿ ಹೊತ್ತು ತಿರುಗುತ್ತಿದ್ದೇನೆ.

ಹಾಗಾಗಿ ನಿಮ್ಮೆಲ್ಲರ ಎದುರು ದಿನ ಹೇಳಿಬಿಡುತ್ತೇನೆ, ಆಮೇಲೆ ತಪ್ಪಿಸಿಕೊಳ್ಳಲು ದಾರಿ ಇರಬಾರದು. ಸಹನೆಯಿಂದ ಕೇಳಿದ ನಿಮಗೆ, ನನ್ನ ಕೈ ಹಿಡಿದು ಮೋಸ ಮಾಡಿದ ಆ ಹುಡುಗಿಗೆ, ಹುಬ್ಬೇರಿಸದೆ ಕೂತಿರುವ ಅಮ್ಮನಿಗೆ ಕೃತಜ್ಞತೆ, ನಮಸ್ಕಾರ. ಪತ್ರ ಅಂಚೆಗೆ ಬೀಳುವುದು ಸೋಮವಾರ, ಜೂನ್ ಒಂಬತ್ತರಂದು.