ಲೋಕಲ್‌ಗಾಗಿ ತೆಗೆದ ಬಾಗಿಲು

ಅಂಬರನಾಥ ಸ್ಟೇಷನ್ನಿನಲ್ಲಿ ಜಾನಕಿಗೆ ಕೂರಲು ಜಾಗವಿರಲಿಲ್ಲ. ಬೆಂಚಿನಲ್ಲಿ ಕಾರ್ಖಾನೆಯ ಇಬ್ಬರು ಕನ್ನಡದಲ್ಲೇ ಜಗಳಕ್ಕಿಳಿದಿದ್ದರು. ಚಿಕ್ಕವನದು ಬೆಂಗಳೂರಿನ ಮಾತು, ಹಿರಿಯನದು ಉಡುಪಿಯದು. ಅವಳು ಪಕ್ಕದಲ್ಲೇ ನಿಂತಳು.

"ಮುಂಡಪ್ಪಣ್ಣ, ಡ್ರಿಲ್ಲನ್ನ ಭಟ್ಟಿಯೊಳಗೆ ತಿರುಗಿಸ್ತಾ ವಜ್ರದ ಲೇಪ ಬೆಳೆಸಿದ್ರೆ ಅದರ ಸುರುಳಿ ಸಂದಿಗೂ ಕೂರುತ್ತೆ. ಆದ್ರೆ ಮಾರನೇ ದಿನವೇ ಸಿಪ್ಪೆ ಥರ ಏಳುತ್ತೆ, ಈಗಾಗಲೇ ಒಂಬತ್ತು ಹೋಯ್ತು. ಇವತ್ತಿಂದೂ ಎದ್ರೆ ಸೇಠ್ ಪ್ರಯೋಗಾನೇ ನಿಲ್ಲಿಸ್ತಾರೆ."

"ನಿಮ್ಮ ವಿಧಾನವೇ ಸರಿ ಇಲ್ಲ ಮಾರಾಯ್ರೆ."

"ಮತ್ತೆ ಭಾನುವಾರದ್ದು ಹೇಗೆ ಗಟ್ಟಿಯಾಗಿ ನಿಂತಿದೆ?"

"ಭಾನುವಾರ ಹಳಿ ರಿಪೇರಿಯ ಮೆಗಾಬ್ಲಾಕ್ ಅಲ್ವಾ? ಟ್ರೈನೇ ಇರ್ಲಿಲ್ಲ. ಭಟ್ಟಿ ತಣಿಯುವವರೆಗೆ ಅಲ್ಲೇ ಕೂತಿದ್ದೆ."

"ಬೇರೆ ದಿನ?"

"ಬಿಸಿ ಇರುವಾಗಲೇ ಬಾಗಿಲು ತೆಗೆಯುದು. ಇಲ್ಲದಿದ್ರೆ ಇಲ್ಲಿಂದಲೇ ಹೊರಡುವ ಲೋಕಲ್‌ನಲ್ಲಿ ಕಿಟಕಿ ಸೀಟು ಸಿಗುದುಂಟಾ? ನಾನು ಹಿಡಿದ ಸೀಟಲ್ಲಿ ನೀವೂ ಕೂತಿದ್ದೀರಲ್ಲ!"

"ಅಯ್ಯೋ, ತಟ್ಟನೆ ತಣಿದ್ರೆ ಲೇಪ ಬಿಟ್ಟೇ ಬಿಡುತ್ತಣ್ಣ! ಇವತ್ತಿಂದು?"

"ಒಳಗುಂಟು. ಆರು ಗಂಟೆಗೆ ತೆಗಿ ಅಂತ ಮುಂದಿನ ಪಾಳಿಯ ಮನೀಷನಿಗೆ ಹೇಳಿ ಬಂದೆ."

"ಫೋನ್ ಮಾಡಿ!"

"ಕಾರ್ಖಾನೆ ಒಳಗೆ ಫೋನ್ ಬಿಡುದಿಲ್ಲ ಅಲ್ವಾ? ಏಳಿ ಏಳಿ, ಆರಕ್ಕೆ ಇನ್ನೂ ಹೊತ್ತುಂಟು."

ಖಾಲಿ ಲೋಕಲ್ ಬಂದು ನಿಂತಿತು. ಇಬ್ಬರೂ ಅದರತ್ತ ನೋಡದೆ ರಿಕ್ಷಾಗಳ ಕಡೆ ಓಡಿದರು.

ಅಲ್ಲಿಯವರೆಗೆ ಹೋದದ್ದು ಒಂಬತ್ತು ಡ್ರಿಲ್‌ಗಳ ಲೇಪ, ಎರಡು ಕಿಟಕಿ ಸೀಟು.