ಮೂರು ಮೆಟ್ಟಿಲು ಕೆಳಗಿನ ಶ್ರುತಿ

ಈ ನೆಲದ ಮೂಲ ಒಡೆಯರಾದ ವೊನ್ನರುವಾ ಜನರಿಗೂ ಅವರ ಹಿರಿಯರಿಗೂ ಮೊದಲ ವಂದನೆ. ಸೆಸ್ನಾಕ್ ಗಣಿ ಕಾರ್ಮಿಕರ ಕ್ಲಬ್ಬಿನ ಅಧ್ಯಕ್ಷೆ ಶ್ರೀಮತಿ ಲೊರೇನ್ ಪಾಸ್ಕೋ ಅವರೇ, ಇಂದಿನ ಸನ್ಮಾನಿತರೂ ‘ಡೊಂಕು ಮೊಳೆ’ ರಾಕ್ ತಂಡದ ಗಾಯಕರೂ ಆದ ಡೆಸ್ ಹಾರಿಗನ್ ಅವರೇ, ನನ್ನ ಬೆನ್ನ ಹಿಂದೆ ತುತ್ತೂರಿ ಹಿಡಿದು ಸಿದ್ಧರಾಗಿ ಕುಳಿತಿರುವ ಊರಿನ ಹಿತ್ತಾಳೆ ವಾದ್ಯವೃಂದದವರೇ, ಮಾಂಸದ ತಟ್ಟೆ ಬಹುಮಾನವಿರುವ ಲಾಟರಿಯ ಚೀಟಿ ಹಿಡಿದು ನಾನು ಯಾವಾಗ ಕೂರುತ್ತೇನೋ ಎಂದು ಕಾಯುತ್ತಿರುವ ಸಭಿಕರೇ,

ನಾನು ಮರ್ವ್ ಟ್ರೆಲೋರ್. ನಲವತ್ತೊಂಬತ್ತು ವರ್ಷದಿಂದ ಈ ತಂಡದ ಗಿಟಾರುಗಳಿಗೆ ಶ್ರುತಿ ಕೂಡಿಸುವವನು, ವ್ಯಾನ್ ಓಡಿಸುವವನೂ ಹೌದು. ಹದಿಮೂರಕ್ಕೆ ಶಾಲೆ ಬಿಟ್ಟೆ, ಮತ್ತೆ ಸೇರಿದೆ, ಮತ್ತೆ ಬಿಟ್ಟೆ. ಮಾತಿನಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಐದೇ ನಿಮಿಷ ಎಂದು ಅಧ್ಯಕ್ಷೆ ಹೇಳಿದ್ದಾರೆ. ನನಗಾದರೋ ಇಂದು ಬೆಳಗಿನವರೆಗೂ ಮಾತಾಡುವ ಆಸೆ. ಯಾಕೆಂದರೆ ನಾನು ನಿಲ್ಲಿಸಿದ ಕೂಡಲೇ ಡೆಸ್ ಹಾಡಬೇಕು.

ಒಳಗೆ ಬರುವಾಗ ಪತ್ರಿಕೆಯ ಹುಡುಗಿಯೊಬ್ಬಳು ನನ್ನನ್ನು ತಡೆದಳು. “ಸರ್, ಈ ವಯಸ್ಸಲ್ಲೂ ನೀವೆಲ್ಲ ಊರೂರು ಸುತ್ತೋದು ಕಲೆಗೋ ಕಾಸಿಗೋ?” ಎಂದಳು. ನಾನು ಬೆವೆತುಹೋದೆ. ಯಾಕೆ ಬೆವೆತೆ? ಕಾಸಿಗೆ ಎಂದರೆ ನೀವು ನಂಬುತ್ತೀರಾ? ಬರ್ಕ್ ಊರಿಗೆ ಏಳುನೂರು ಕಿಲೋಮೀಟರ್ ಹೋಗಿ, ತೊಂಬತ್ತು ಜನರ ಮುಂದೆ ಬಾರಿಸಿ, ಅದರಲ್ಲಿ ಮೂವತ್ತು ಜನ ಬರೀ ಊಟಕ್ಕೆ ಬಂದವರು ಎಂದು ತಿಳಿದು, ವಾಪಸು ಬರುವ ದಾರಿಯಲ್ಲಿ ಕಾಂಗರೂ ಗುದ್ದಿ ದೀಪ ಒಡೆದುಕೊಂಡರೆ ಅದರಲ್ಲಿ ಕಾಸೆಲ್ಲಿ? ಹಿಂದೆ ವ್ಯಾನಿನಲ್ಲಿ ಬಿಯರ್ ಇಡುತ್ತಿದ್ದ ಜಾಗದಲ್ಲಿ ಈಗ ಮಂಡಿಪಟ್ಟಿ, ಬಿಸಿನೀರಿನ ಚೀಲ, ನಾಲ್ಕು ಮಾತ್ರೆ ಡಬ್ಬಿ ಇವೆ. ಒಮ್ಮೆ ಡಬ್ಬಿಗಳು ಅದಲುಬದಲಾಗಿ ನಮ್ಮ ಡ್ರಮ್ಮಿನವನು ಇಡೀ ಹಾಡನ್ನು ನಿದ್ದೆಯಲ್ಲಿ ಬಾರಿಸಿದ. ಆವತ್ತು ತಾಳ ತಪ್ಪಲಿಲ್ಲ, ಅದು ಬೇರೆ ಮಾತು.

ಹಾಗಾದರೆ ಕಲೆಗೋ? ಡೆಸ್‌ಗೆ ಕಲೆಗೇ. ‘ಕೊನೇ ಪಾಳಿ’ ಹಾಡಿನ ಮುಕ್ತಾಯದಲ್ಲಿ ಬರುವ ಆ ಎತ್ತರದ ಸ್ವರ ನಿಮಗೆಲ್ಲ ಗೊತ್ತು. ರೇಡಿಯೋದಲ್ಲಿ ಅವನು ಎಲ್ಲರೂ ಕೇಳುವಂತೆ ಆಣೆ ಮಾಡಿದ್ದ: “ಆ ಸ್ವರ ಸಿಗದ ದಿನ ಮೈಕು ಕೆಳಗಿಟ್ಟು ಮನೆಗೆ ಹೋಗ್ತೀನಿ. ಜನಕ್ಕೆ ಟೋಪಿ ಹಾಕೋ ಕೆಲಸ ನಂಗೆ ಬೇಡ.” ಎಪ್ಪತ್ತನಾಲ್ಕು ವರ್ಷದ ಅವನಿಗೆ ಆ ಸ್ವರ ಇನ್ನೂ ಸಿಗುತ್ತಿದೆ. ದಯವಿಟ್ಟು ಚಪ್ಪಾಳೆ ಬೇಡ. ನಿಮ್ಮ ಚಪ್ಪಾಳೆಯಿಂದ ನನ್ನ ಸಂಕಟ ಹೆಚ್ಚುತ್ತದೆ.

ಸಂಜೆ ಐದಕ್ಕೆ ನಾನು ಇಲ್ಲಿಗೆ ಬಂದಾಗ ಹಿತ್ತಾಳೆ ವಾದ್ಯದವರು ಅದೇ ಹಾಡನ್ನು ಅಭ್ಯಾಸ ಮಾಡುತ್ತಿದ್ದರು. ಎಪ್ಪತ್ತೊಂಬತ್ತನೇ ಇಸವಿಯ ಮೂಲ ರೆಕಾರ್ಡಿನ ಶ್ರುತಿಯಲ್ಲಿ, ಒಂದು ಕೂದಲೆಳೆ ಆಚೀಚೆ ಇಲ್ಲದೆ. ನಾನು ಅವರ ಮುಖ್ಯಸ್ಥೆ ಗ್ವೆಂಡಾ ಅವರ ಬಳಿ ಹೋಗಿ, ಶ್ರುತಿ ಸ್ವಲ್ಪ ಇಳಿಸಿ ಬಾರಿಸಲಾದೀತೇ, ಮೂರು ಮೆಟ್ಟಿಲು ಸಾಕು ಎಂದು ಬೇಡಿಕೊಂಡೆ. ಅವರು ಕನ್ನಡಕದ ಮೇಲಿಂದ ನೋಡಿ, “ಇದು ಹಿತ್ತಾಳೆ ಮಾರಾಯ, ರಬ್ಬರ್ ಅಲ್ಲ. ಆರು ವಾರ ಕೂರಿಸಿ ಕಲ್ಸಿದೀನಿ. ನಿಂಗ್ಯಾಕೆ ಮೂರು ಮೆಟ್ಟಿಲು?” ಎಂದರು.

ನಿಜ, ನನಗ್ಯಾಕೆ ಮೂರು ಮೆಟ್ಟಿಲು? ನನಗ್ಯಾಕೆಂದರೆ...

ಭಾಷಣದ ಚೀಟಿಯಲ್ಲಿ ಇದು ಇಲ್ಲ. ನನ್ನ ಹೆಂಡತಿ ಕೋರಲ್ ಇದನ್ನು ಬರೆದುಕೊಟ್ಟಿಲ್ಲ. ಮುಂದಿನ ಸಾಲಿನಲ್ಲಿ ಕೂತು ತಲೆ ಅಲ್ಲಾಡಿಸುತ್ತಿದ್ದಾಳೆ. ಹೇಳಿಬಿಡುತ್ತೇನೆ. ಎರಡು ಸಾವಿರದ ಹನ್ನೊಂದರಲ್ಲಿ ಟುವುಂಬಾದ ಕಾರ್ಯಕ್ರಮದಲ್ಲಿ ಡೆಸ್‌ನ ಗಂಟಲು ಆ ಸ್ವರದ ಹತ್ತಿರ ನಡುಗಿತು. ಮಾರನೆಯ ದಿನ ನಾನು ಎಲ್ಲ ಗಿಟಾರುಗಳ ತಂತಿ ಸಡಿಲಿಸಿ ಒಂದು ಮೆಟ್ಟಿಲು ಇಳಿಸಿದೆ. ಐದು ವರ್ಷದ ಮೇಲೆ ಇನ್ನೊಂದು, ಮತ್ತೆ ಐದು ವರ್ಷಕ್ಕೆ ಮೂರನೆಯದು. ಬಾರಿಸುವವರಿಗೆ ಬೆರಳಲ್ಲೇ ತಿಳಿಯಿತು, ಯಾರೂ ಬಾಯಿ ಬಿಡಲಿಲ್ಲ. ಡೆಸ್ ನುಡಿಸುವುದು ಮೌತ್ ಆರ್ಗನ್ ಒಂದೇ. ಅದಕ್ಕೆ ಸಡಿಲಿಸುವ ತಂತಿ ಇಲ್ಲ. ಪ್ರತಿಸಲ ತಗ್ಗಿನ ಶ್ರುತಿಯ ಹೊಸದನ್ನು ತಂದು, ಅದರ ಮೇಲೆ ಕೊರೆದಿರುವ ಶ್ರುತಿಯ ಅಕ್ಷರವನ್ನು ಅರದಿಂದ ಉಜ್ಜಿ, ಹಳೆಯ ಅಕ್ಷರವನ್ನೇ ಕೊರೆದು, ಪ್ಯಾಂಟಿನ ಜೇಬಿನಲ್ಲಿ ವಾರವಿಡೀ ಬೀಗದ ಕೈಗಳ ಜೊತೆ ಹಾಕಿ ಸವೆಸಿ ಕೊಟ್ಟೆ. “ಹಳೇದು ಹಳೇದೇ ಕಣೋ ಮರ್ವ್, ಇದರ ನಾದವೇ ಬೇರೆ” ಎಂದು ಅವನು ಅದಕ್ಕೆ ಮುತ್ತು ಕೊಟ್ಟ.

ನಗಬೇಡಿ. ನಗಿ, ಪರವಾಗಿಲ್ಲ. ನಾನೂ ನಗುತ್ತಿದ್ದೇನೆ.

ಯಾಕೆ ಮಾಡಿದೆ? ಅವನ ಕಲೆಗಲ್ಲ, ನನ್ನ ಕಾಸಿಗಲ್ಲ. ತೊಂಬತ್ತನಾಲ್ಕರಲ್ಲಿ ಎಂಟು ತಿಂಗಳು ತಂಡ ನಿಂತಿತ್ತು. ಮನೆಯಲ್ಲಿ ಕೂತೆ. ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ ಶ್ರುತಿಯಲ್ಲಿಲ್ಲ ಎಂದು ಅದರ ಕಾಲಿನಡಿ ರಟ್ಟಿನ ತುಂಡು ಇಟ್ಟೆ. ಹಿತ್ತಲ ಬೇಲಿಯ ತಂತಿಗಳನ್ನು ಒಂದೊಂದಾಗಿ ಬಿಗಿದು ಸ್ವರ ಕೂಡಿಸಿದೆ. ಆಗ ಕೋರಲ್, “ಒಂದೋ ನೀನು ಹೊರಡು, ಇಲ್ಲಾ ನಾನು ಹೊರಡ್ತೀನಿ” ಎಂದಳು. ಡೆಸ್ ನಿಲ್ಲಿಸಿದರೆ ನಾನು ಯಾರು, ಹೇಳಿ? ತಂತಿಗಳಿಲ್ಲದ ಊರಿನಲ್ಲಿ ಕಿವಿ ಇಟ್ಟುಕೊಂಡು ಕೂತ ಮುದುಕ. ಆ ಹೆದರಿಕೆಗೆ ಮಾಡಿದೆ. ಅವನ ಆಣೆಯನ್ನು ಅವನಿಗೇ ತಿಳಿಯದಂತೆ ನಾನು ಮುರಿಸಿದೆ.

ಡೆಸ್, ಈ ಹಿತ್ತಾಳೆಯವರ ಜೊತೆ ಇವತ್ತು ಆ ಸ್ವರ ನಿನಗೆ ಸಿಗುವುದಿಲ್ಲ. ಎಲ್ಲರೆದುರು ಅದು ನಿನಗೆ ಗೊತ್ತಾಗುವುದಕ್ಕಿಂತ ನಾನೇ ಹೇಳಿ ಬೈಸಿಕೊಳ್ಳುವುದು ವಾಸಿ.

ಸಭಿಕರೇ, ಅವನು ಎದ್ದು ನಿಂತಿದ್ದಾನೆ. ನಗುತ್ತಿಲ್ಲ. ವೇದಿಕೆಯ ಸದ್ದಿನಲ್ಲಿ ಮಾತು ಕೇಳದೆ ನಾವು ಬೆರಳಿನಲ್ಲೇ ಮಾತಾಡಿ ಬದುಕಿದವರು. ಎಷ್ಟು ಎಂದು ಕೈ ತಿರುಗಿಸಿ ಕೇಳುತ್ತಿದ್ದಾನೆ. ಇಗೋ, ಮೂರು ಬೆರಳು ತೋರಿಸಿದೆ. ಚಾವಣಿ ನೋಡುತ್ತಿದ್ದಾನೆ. ಇನ್ನೂ ನೋಡುತ್ತಿದ್ದಾನೆ. ಈಗ ನನ್ನ ಕಡೆ ಕೈ ಎತ್ತಿದ...

ನಾಲ್ಕು. ನಾಲ್ಕು ಬೆರಳು, ಹೆಬ್ಬೆರಳು ಕೆಳಕ್ಕೆ. ಶುಕ್ರವಾರ ಡಬ್ಬೋ ಊರಿನಲ್ಲಿ ನಮ್ಮ ಮುಂದಿನ ಕಾರ್ಯಕ್ರಮ, ಅಲ್ಲಿ ನಾಲ್ಕು ಮೆಟ್ಟಿಲು ಇಳಿಸು ಎನ್ನುತ್ತಿದ್ದಾನೆ.

ಇವತ್ತಿನ ಸ್ವರಕ್ಕೆ ನಿಮ್ಮ ಕಡೆ ಬೆರಳು ಮಾಡುತ್ತಿದ್ದಾನೆ. ಆ ಜಾಗ ಬಂದಾಗ ಮೈಕು ನಿಮ್ಮತ್ತ ತಿರುಗುತ್ತದೆ, ಅದನ್ನು ನೀವೇ ಹಾಡಬೇಕು. ದಯವಿಟ್ಟು ಉಸಿರು ಹಿಡಿದಿಟ್ಟುಕೊಂಡಿರಿ. ಗ್ವೆಂಡಾ ಅವರೇ, ಶುರು ಮಾಡಿ. ಕೇಳಿದ್ದಕ್ಕೆ, ನಕ್ಕಿದ್ದಕ್ಕೆ, ಹೊಡೆಯದೆ ಬಿಟ್ಟಿದ್ದಕ್ಕೆ ಎಲ್ಲರಿಗೂ ನನ್ನ ವಂದನೆ. ನಮಸ್ಕಾರ.